ಕೇಳಿ ಹೋಗಲು ಬಂದವರು

ಬೆಟ್ಟದಪುರದ ಕಡೆ ಸಾವಿನ ಮನೆಗೆ ಯಾವ ಬಿಸ್ಕತ್ತು ಒಯ್ಯಬೇಕೆಂಬುದು ಹಗುರವಾಗಿ ತೀರ್ಮಾನಿಸುವ ಸಂಗತಿಯಲ್ಲ. ಕ್ರೀಮಿನದಾದರೆ ಸಂಭ್ರಮದಂತೆ ಕಾಣುತ್ತದೆ, ಬಿಡಿಯಾಗಿ ತಂದರೆ ಜಿಪುಣತನದಂತೆ. ಸಾಕಷ್ಟು ಯೋಚಿಸಿ ಗ್ಲೂಕೋಸ್ ಬಿಸ್ಕತ್ತನ್ನೇ ತಂದಿದ್ದ ದೂರದ ನೆಂಟ ಶಿವಮಾದಪ್ಪ, ಪೊಟ್ಟಣವನ್ನು ಎಂಟು ವರ್ಷದ ಹೇಮಶ್ರೀಯ ಕೈಗಿಟ್ಟು, ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದ: "ಹೇಳವ್ವ, ನಿಮ್ಮಪ್ಪ ಬ್ಯಾರನ್ ಒಳಗೆ ಎಂಗೆ ಸಿಕ್ಕಾಕೊಂಡ? ನೀನೇ ಕಣ್ಣಾರೆ ನೋಡ್ದ್ಯಂತಲ್ಲ?"

ಹೊಗೆಸೊಪ್ಪು ಬೇಯಿಸುವ ಕೋಣೆಗೆ, ಆ ಬ್ಯಾರನ್‌ಗೆ, ಬೆಂಕಿ ಬಿದ್ದು ಹದಿನೆಂಟು ದಿನವಾಗಿತ್ತು. ಬಂದವರೆಲ್ಲ ಮರುಕದಿಂದಲೇ ಕೇಳಿದ್ದರು. ಹೇಮಶ್ರೀ ಎಲ್ಲರಿಗೂ ಹೇಳಿದ್ದಳು, ಹೇಳಿದ ದಿನಗಳಲ್ಲೆಲ್ಲ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡಿದ್ದಳು. ಈಗಲೂ ಶಾಲೆಯಲ್ಲಿ ಪದ್ಯ ಒಪ್ಪಿಸುವವಳಂತೆ ಕೈ ಹಿಂದೆ ಕಟ್ಟಿ ನಿಂತು, "ಅವತ್ತು ಅಪ್ಪ..." ಎಂದು ಶುರು ಮಾಡಿದಳು. ಕಾಲ್ಬೆರಳುಗಳು ಮಾತ್ರ ನೆಲಕ್ಕೆ ಮುದುರಿಕೊಂಡಿದ್ದವು.

ಟೀ ತರುತ್ತಿದ್ದ ಅಜ್ಜಿ ಪುಟ್ಟಮಲ್ಲಮ್ಮ ಆ ಬೆರಳುಗಳನ್ನು ನೋಡಿದಳು. ಮಗ ಸತ್ತ ಮಾತನ್ನು ಅವಳು ಇದುವರೆಗೆ ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಮೊಮ್ಮಗಳು ಹೇಳುತ್ತಿದ್ದುದರಿಂದ ಆಡುವ ಅಗತ್ಯವೂ ಬಿದ್ದಿರಲಿಲ್ಲ.

"ನೀ ಆಚೆ ಓಗಿ ಆಡ್ಕೊ ಓಗವ್ವ," ಎಂದಳು.

"ಇರ್ಲಿ ಬುಡಕ್ಕ, ಕೂಸು ಚಂದಾಗಿ ಹೇಳ್ತದೆ," ಎಂದ ಶಿವಮಾದಪ್ಪ.

"ಸತ್ತೋನು ನನ್ ಮಗ ಕಣಪ್ಪ. ನನ್ನ ಕೇಳು."

ಹುಡುಗಿ ಹೊರಗೆ ಹೋದ ಮೇಲೆ ಅವಳು ಲೋಟ ಕೆಳಗಿಟ್ಟು, ಅವನೆದುರೇ ನೆಲದ ಮೇಲೆ ಕುಳಿತು, ಮೊದಲಿಂದ ಹೇಳಿದಳು. ಮಗ ಕೂಗಿದ್ದು, ವಾಸನೆ, ಬಾಗಿಲು ತೆಗೆದಾಗ ಕಂಡದ್ದು, ಯಾವುದನ್ನೂ ಬಿಡಲಿಲ್ಲ. ಶಿವಮಾದಪ್ಪ ಅರ್ಧಕ್ಕೇ "ಸಾಕಕ್ಕ" ಎಂದು ಕೈಯೆತ್ತಿದ. ಅವಳು ಪೂರ್ತಿ ಹೇಳಿಯೇ ಎದ್ದಳು.

ಇದು ನೆಂಟರ ಕಿವಿಗೆ ಬಿದ್ದ ಮೇಲೆ ಬಂದ ಯಾರೂ ಹೇಮಶ್ರೀಯನ್ನು ಏನೂ ಕೇಳಲಿಲ್ಲ.