ಸೊನ್ನೆ ಇಟ್ಟ ಗೆರೆ

"ಆ ಲಾಡ್ಲೆಸಾಬನ್ನ ಇನ್ನೂ ನಂಬ್ತಿ ಏನು?" ದೌಲತರಾಯ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. "ನರೋಣಾದಾಗ ನಾಕು ಮಂದಿ ಪೊಲೀಸರಿಗೆ ಸಿಕ್ಕಿಬಿದ್ರು. ಚೀಟಿ ಒಯ್ದಾವ ಯಾರು? ಅವನ. ಈ ಸಲ ನಿನ್ನ ತಮ್ಮನ ಪಾಳಿ, ನೋಡ್ತಿರು."

ಸುಭದ್ರಾಬಾಯಿ ಗಂಡನ ಬಟ್ಟಲಿನಿಂದ ತುಳುಕಿದ ಚಹಾ ಒರೆಸಿದಳು. ಬಟ್ಟಲಿನ ಪಕ್ಕದಲ್ಲೇ ತಮ್ಮನಿಗೆಂದು ಅವಳು ಬರೆದ ಚೀಟಿಯ ಮಸಿ ಆರುತ್ತಿತ್ತು. ಒಂದರ ಮೇಲೊಂದು ಆರು ಅಡ್ಡಗೆರೆ; ಕೆಲವು ಇಡಿ, ಕೆಲವು ನಡುವೆ ಮುರಿದವು. ಕೆಳಗಿನಿಂದ ಐದನೆಯದರ ಪಕ್ಕ ಒಂದು ಸಣ್ಣ ಸೊನ್ನೆ.

ಅವಳು ರಂಗೂನಿನಲ್ಲಿ ಬೆಳೆದವಳು. ಕಾಲೇಜಿಗೆ ಹೋಗುತ್ತಿದ್ದಾಗ ನೆರೆಮನೆಯ ಚೀನೀ ಅಜ್ಜ ಮೂರು ನಾಣ್ಯ ಎಸೆದು ಶಕುನ ನೋಡುವುದನ್ನು ಕಲಿಸಿದ್ದ. ಆರು ಸಲ ಎಸೆದರೆ ಆರು ಗೆರೆ, ಒಂದು ಆಕೃತಿ. ಪ್ರತಿ ಆಕೃತಿಗೂ ಒಂದು ಹೆಸರು. ಮೂರು ನಾಣ್ಯವೂ ಒಂದೇ ಮುಖ ತೋರಿದರೆ ಆ ಗೆರೆ ಬದಲಾಗುವಂಥದ್ದು; ಅದನ್ನು ತಿರುಗಿಸಿ ಹೊಸ ಆಕೃತಿ ಬರೆಯಬೇಕು. "ಮೊದಲನೆಯದು ಕಾಣುವುದು, ಎರಡನೆಯದು ಆಗುವುದು" ಎನ್ನುತ್ತಿದ್ದ ಅಜ್ಜ.

ಮದುವೆಯಾದ ಹೊಸದರಲ್ಲಿ ಗಂಡನಿಗೂ ಹೇಳಿಕೊಟ್ಟಿದ್ದಳು. ಆಳಂದದ ವಕೀಲನ ತಲೆ. ಹೆಸರುಗಳೆಲ್ಲ ವಾರದಲ್ಲಿ ಬಾಯಿಪಾಠ. ಬದಲಾಗುವ ಗೆರೆಯ ಪಾಠ ಬಂದಾಗ ಆಕಳಿಸಿ ಇಸ್ಪೀಟಿಗೆ ಎದ್ದುಹೋಗಿದ್ದ.

ಈಗ, ೧೯೪೮ರಲ್ಲಿ, ನಿಜಾಮನ ಪೊಲೀಸರು ಹುಡುಕುತ್ತಿದ್ದ ತಮ್ಮ ಶಾಂತಲಿಂಗಪ್ಪನಿಗೆ ಆ ಆಕೃತಿಗಳೇ ಅಡಗುತಾಣದ ಗುರುತು. 'ಏರು' ಎಂದರೆ ಯಡ್ರಾಮಿ. 'ಬಾವಿ' ಎಂದರೆ ಗೊಬ್ಬೂರ; ಆ ಗುರುತು ಸೂಚಿಸಿದವನು ದೌಲತರಾಯನೇ.

ನರೋಣಾದ ದಾಳಿಯ ಮರುದಿನ ಅವಳು ಲಾಡ್ಲೆಸಾಬನನ್ನು ಹಿತ್ತಲಿಗೆ ಕರೆದು ಅವನೊಬ್ಬನಿಗೇ ಸೊನ್ನೆಯ ಅರ್ಥ ಹೇಳಿಕೊಟ್ಟಿದ್ದಳು. ತಮ್ಮನಿಗೆ ಅವನು ಬಾಯಿಂದಲೇ ತಿಳಿಸಬೇಕಿತ್ತು.

"ಸೊನ್ನಿ ಇದ್ರ, ಇಡೀ ಗೆರಿ ಮುರೀಬೇಕು, ಮುರಿದ ಗೆರಿ ಕೂಡಿಸ್ಬೇಕು. ಹೌದಿಲ್ರಿ ಅಕ್ಕಾರ? ಥೇಟ್ ನಮ್ಮ ಮನ್ಯಾಗಿನ ಜಗಳ ಇದ್ಹಂಗ ಐತ್ರಿ!" ಎಂದು ನಕ್ಕಿದ್ದ.

ಗಂಡನ ಮಾತು ಕೇಳಿ ಈಗ ಆ ನಗು ಮತ್ತೆ ನೆನಪಾಯಿತು. ಕಳ್ಳನ ಕೈಗೇ ಕೀಲಿ ಕೊಟ್ಟೆನೇ?

ಲಾಡ್ಲೆಸಾಬ ಬಂದ. ಚೀಟಿಯನ್ನು ಟೊಪ್ಪಿಗೆಯ ಮಡಿಕೆಯಲ್ಲಿ ಸೇರಿಸಿ ಹೊರಟ. ದೌಲತರಾಯನೂ ಕೋಟು ತೊಟ್ಟ. "ಕಚೇರಿಗೆ ಹೋಗಿಬರ್ತೇನಿ."

ಮೂರನೆಯ ದಿನ ಮಧ್ಯಾಹ್ನ ಹಿತ್ತಲ ಬಾಗಿಲು ಸದ್ದಾಯಿತು. ಲಾಡ್ಲೆಸಾಬ. ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ.

"ನನ್ನ ತಮ್ಮ ಎಲ್ಲಿ?"

"ಯಡ್ರಾಮಿಯಾಗ ಆರಾಮ ಇದ್ದಾರ್ರಿ ಅಕ್ಕಾರ. ರೊಟ್ಟಿ ತಿಂದು ಗೊರಕಿ ಹೊಡ್ಯಾಕತ್ತಾರ." ಅವನು ಬಾಯಿಗೆ ವಸ್ತ್ರ ಅಡ್ಡ ಹಿಡಿದು ನಕ್ಕ. "ಗೊಬ್ಬೂರದಾಗ ಪೊಲೀಸರು ನಿನ್ನೆ ಮುಂಜಾನಿಂದ ಬಾವಿ ಸುತ್ತ ಕುಂತಾರಂತ್ರಿ. ಕಪ್ಪಿ ಹಿಡ್ಯಾಕ ಬಂದಾರೇನೋ!"

ಅವಳಿಗೆ ನಗು ಬರಲಿಲ್ಲ. ಚೀಟಿಯಲ್ಲಿ ಕಾಣುತ್ತಿದ್ದದ್ದು 'ಬಾವಿ'; ಸೊನ್ನೆ ಇಟ್ಟ ಗೆರೆ ಮುರಿದರೆ ಅದು 'ಏರು'. ಇವನು ಬಾಯಿಬಿಟ್ಟಿದ್ದರೆ ಪೊಲೀಸರು ಯಡ್ರಾಮಿಗೆ ಹೋಗುತ್ತಿದ್ದರು. ಸುಳಿವು ಕೊಟ್ಟವನಿಗೆ ಬಾವಿ ಗೊತ್ತಿತ್ತು, ಸೊನ್ನೆ ಗೊತ್ತಿರಲಿಲ್ಲ.

ಒಳಗೆ, ಬದಲಾಗುವ ಗೆರೆಯ ಪಾಠಕ್ಕೆ ಆಕಳಿಸಿ ಎದ್ದುಹೋಗಿದ್ದವನು ಇನ್ನೊಂದು ಬಟ್ಟಲು ಚಹಾ ಕೇಳುತ್ತಿದ್ದ.