ಗಟ್ಟಿ ಕಾಲಿನ ಮನೆ

ಮನೆಗಳು ನಡೆದಾಡುವ ಆ ಊರಲ್ಲಿ ಸಂತೆಯ ಹತ್ತಿರ ನಿಲ್ಲಲು ಎಲ್ಲ ಮನೆಗಳಿಗೂ ಆಸೆ. ಪೋಲಿಯೋದಿಂದ ಎಡಗಾಲು ಸೋತಿದ್ದ ನೀಲಗಂಗವ್ವ ಅಲ್ಲೊಂದು ಕಾಯಂ ಜಾಗ ಕೇಳಿದ್ದಳು. ‘ಅರ್ಜಿದಾರರ ಮನೆಯ ನಾಲ್ಕೂ ಕಾಲು ಗಟ್ಟಿಯಾಗಿವೆ’ ಎಂದು ನಗರಸಭೆ ತಿರಸ್ಕರಿಸಿತು. ಅವಳು ಬಿಡದೆ ಮೇಲ್ಮನವಿ ಹಾಕಿದಳು. ಇಂದು ನಗರಸಭೆಯ ಅಧಿಕಾರಿ ಮುಧೋಳ ಸಾಹೇಬರು ಮನೆಯ ನಡಿಗೆ ನೋಡಲು ಬಂದಿದ್ದರು.

ಮನೆ ಸಂತೆಯ ಕಡೆ ಹೊರಟಿತು. ಒಳಗೆ ಸಾಹೇಬರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತೂರಾಡಿ ಕಂಬ ಹಿಡಿದರು. ನೀಲಗಂಗವ್ವ ಮಾತ್ರ ಅಡುಗೆಮನೆಯಿಂದ ಚಹಾ ತಂದಳು. ಒಂದು ಹನಿಯೂ ಚೆಲ್ಲಲಿಲ್ಲ.

“ಎಡಗಾಲು ಎಳಕೊಂಡು ನಡೀರಿ, ಸಾಹೇಬ್ರ. ನಾ ಬೀಳಬಾರದಂತ ಎಡಗಾಲು ಇಟ್ಟಾಗೊಮ್ಮೆ ನೆಲಾ ಮ್ಯಾಲೆತ್ತತೈತಿ ಈ ಮನಿ.”

ಸಾಹೇಬರು ಕುಂಟುತ್ತ ಬಾಗಿಲತನಕ ಹೋಗಿ ಬಂದರು. ಈ ಸಲ ತೂರಾಡಲಿಲ್ಲ.

“ಹಂಗಾರ ಮನೀನ ಕುಂಟತೈತಿ ಅಂತ ಬರದುಬಿಡ್ತೀನಿ. ಕೆಲಸ ಸಲೀಸಾಗತೈತಿ.”

“ಬ್ಯಾಡ್ರಿ. ಅದರ ಕಾಲು ಗಟ್ಟಿ ಅದಾವ. ಕುಂಟೋಕಿ ನಾನು, ನನ್ನ ಹೆಸರಿಗೇ ಬರೀರಿ.”

ಸಾಹೇಬರು ಚಹಾ ಮುಗಿಸಿ ಹಾಗೆಯೇ ಬರೆದರು. ಸಹಿಯ ಮಸಿ ಒಣಗುವ ಮೊದಲೇ ಮನೆ ಸಂತೆಯ ಎದುರು ಕಾಲು ಮಡಚಿ ಕೂತುಬಿಟ್ಟಿತು.