ಸದ್ದಿಲ್ಲದ ಜಾಹೀರಾತು

ಫುಟ್‌ಬಾಲ್ ಆಟದ ಅರ್ಧವಿರಾಮದಲ್ಲಿ ಟಿವಿಯ ಸದ್ದು ಪೂರ್ತಿ ಅಡಗಿದಾಗ, ಲಾಗೋಸಿನ ಆ ಊಟದಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಪರದೆಯ ತುಂಬ ಬಿಳುಪು, ನಡುವೆ ಒಂದು ಟ್ಯಾಬ್ಲೆಟ್, ಅದರ ಗಾಜನ್ನು ಮೆಲ್ಲಗೆ ಸವರುವ ಒಂದೇ ಒಂದು ಬೆರಳು. ಹಾಡಿಲ್ಲ, ಕುಣಿತವಿಲ್ಲ, ಮಾತಿಲ್ಲ.

"ಅಯ್ಯೋ, ಟಿವಿ ಕೆಟ್ಟೋಯ್ತಾ?" ಎಂದು ಅಂಗಡಿಯೊಡತಿ ಸೌಟು ಹಿಡಿದೇ ಓಡಿಬಂದಳು.

"ಶ್! ಸುಮ್ನಿರಮ್ಮ, ನೋಡೋಣ," ಎಂದ ಪಕ್ಕದ ಮೇಜಿನ ಮುದುಕ, ಸಾರು ಮೆತ್ತಿದ ತನ್ನ ಬೆರಳಿನಿಂದ ಗಾಳಿಯನ್ನೇ ಹಾಗೆ ಸವರಿದ.

ಮೊಡುಪೆ ಬಾಯಿಗೊಯ್ಯುತ್ತಿದ್ದ ಗೆಣಸಿನ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಜಾಹೀರಾತು ಕಂಪನಿಯಲ್ಲಿ ಹದಿನಾಲ್ಕು ವರ್ಷ ದುಡಿದವಳು ಅವಳು. ಅವಳು ಬರೆದ ಡೋಲು ಕುಣಿತದ ಜಾಹೀರಾತನ್ನು ಬದಿಗಿಟ್ಟು, ಮೊನ್ನೆ ಮೊನ್ನೆ ಸೇರಿದ ಹುಡುಗಿ ಎಬಿಯೆರೆ ಬರೆದ ಈ ಸದ್ದಿಲ್ಲದ ಜಾಹೀರಾತನ್ನು ಕಂಪನಿಯವರು ಒಪ್ಪಿಕೊಂಡಿದ್ದರು. "ಖಾಲಿ ತಟ್ಟೆ ತೋರಿಸಿದ್ರೆ ಯಾರ ಹೊಟ್ಟೆ ತುಂಬುತ್ತೆ, ಮಗಳೇ?" ಎಂದು ಮೊಡುಪೆ ಅವಳನ್ನು ತಿಂಗಳಿಡೀ ಹಂಗಿಸಿದ್ದಳು. ಇದನ್ನು ಯಾರೂ ನೋಡುವುದಿಲ್ಲ ಎಂದು ಕಣ್ಣಾರೆ ತೋರಿಸಲೆಂದೇ ಇವತ್ತು ಎಬಿಯೆರೆಯನ್ನು ಊಟಕ್ಕೆ ಕರೆತಂದಿದ್ದಳು. ಆದರೆ ಈ ಹದಿನಾಲ್ಕು ವರ್ಷಗಳಲ್ಲಿ ಅವಳ ಯಾವ ಜಾಹೀರಾತಿಗೂ ಜನ ಹೀಗೆ ಕೈಯಲ್ಲಿನ ತುತ್ತು ಮರೆತು ಕೂತಿರಲಿಲ್ಲ. ಎದುರಿಗೆ ಎಬಿಯೆರೆ ಉಸಿರು ಬಿಗಿಹಿಡಿದು ಆ ಮುಖಗಳನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಆ ಕಣ್ಣೀರು ಕಂಡು ಮೊಡುಪೆಯ ಹೊಟ್ಟೆ ಇನ್ನಷ್ಟು ಉರಿಯಿತು.

ಟಿವಿಯ ಗದ್ದಲ ಮರಳಿತು. "ಯಾವ ಜಾಣರು ಮಾಡಿದ್ರಪ್ಪಾ ಇದನ್ನ!" ಎಂದು ಮುದುಕ ಇವರತ್ತ ತಿರುಗಿದ.

ಎಬಿಯೆರೆ ನಾಚುತ್ತ ಬಾಯಿ ತೆರೆಯುವಷ್ಟರಲ್ಲಿ ಮೊಡುಪೆ ಹೇಳಿಬಿಟ್ಟಿದ್ದಳು: "ನಾನೇ, ಬಾಬಾ. ನಾನೇ ಮಾಡಿದ್ದು."